ಮಗು ರಾತ್ರೋರಾತ್ರಿ ಬದಲಾದರೆ ಗಂಟಲನ್ನೂ ನೋಡಿ

ಮಾನ್ಯ ಸಂಪಾದಕರೇ,

ನಿಮ್ಮ ಭಾನುವಾರದ ಪುರವಣಿಯಲ್ಲಿ ಹಠಮಾರಿ ಮಕ್ಕಳನ್ನು ದಾರಿಗೆ ತರುವುದು ಹೇಗೆ ಎಂಬ ಬರಹ ಓದಿದೆ. ಮೊಬೈಲ್ ಕೊಡಬೇಡಿ, ಹೊತ್ತಿಗೆ ಸರಿಯಾಗಿ ಮಲಗಿಸಿ, ಅತಿ ಮುದ್ದು ಬೇಡ ಎಂಬ ಸಲಹೆಗಳು ಎಷ್ಟೋ ಮನೆಗಳಿಗೆ ಸರಿಯೇ. ಆದರೆ ಮಗುವಿನ ನಡತೆ ಕೆಟ್ಟರೆ ಅದರ ಬೇರು ಬೆಳೆಸಿದ ರೀತಿಯಲ್ಲೇ ಇರುತ್ತದೆ ಎಂಬ ಅರ್ಥದ ಮಾತು ಅದರಲ್ಲಿತ್ತು. ಅದನ್ನು ಓದಿ ಸುಮ್ಮನಿರಲು ಆಗಲಿಲ್ಲ. ಕೆಲವು ಮಕ್ಕಳಲ್ಲಿ ಆ ಬೇರು ಗಂಟಲಿನ ಸೋಂಕಿನಲ್ಲಿ ಇರುತ್ತದೆ, ಆ ಕಾಯಿಲೆಗೆ ಪ್ಯಾಂಡಾಸ್ ಎಂಬ ಹೆಸರಿದೆ. ನನ್ನ ಮಗ ಅಂಥವನು.

ನಾನು ದಾವಣಗೆರೆಯಲ್ಲಿ ಮನೆಯಲ್ಲೇ ಹೊಲಿಗೆ ಕೆಲಸ ಮಾಡುತ್ತೇನೆ. ಬ್ಲೌಸ್, ಲಂಗ, ಜೂನ್ ಬಂದರೆ ಶಾಲೆಯ ಯೂನಿಫಾರ್ಮ್. ಯಜಮಾನರು ಎಪಿಎಂಸಿಯ ಮೆಕ್ಕೆಜೋಳದ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಾರೆ. ಮಗಳು ದೊಡ್ಡವಳು, ಮಗ ಚಿಕ್ಕವನು. ಅತ್ತೆ ನಮ್ಮ ಜೊತೆಗಿದ್ದಾರೆ.

ಮಗ ಕೂಸಾಗಿದ್ದಾಗಿನಿಂದಲೂ ಸೂಕ್ಷ್ಮ. ಅಂಗಿಯ ಕುತ್ತಿಗೆಯ ಲೇಬಲ್ ಚುಚ್ಚುತ್ತದೆ ಎಂದು ಅಳುತ್ತಿದ್ದ. ಲೇಬಲ್ ಬಿಚ್ಚಿದರೆ ಅಲ್ಲಿ ಉಳಿದ ದಾರದ ತುದಿ ಚುಚ್ಚುತ್ತದೆ ಎನ್ನುತ್ತಿದ್ದ. ಮಿಕ್ಸಿ ಹಾಕುವ ಮೊದಲು ಅವನಿಗೆ ಹೇಳಬೇಕು, ಅವನು ಹಿತ್ತಲಿಗೆ ಹೋದ ಮೇಲೆ ಸ್ವಿಚ್ ಒತ್ತಬೇಕು. ಮದುವೆ ಮನೆಯಲ್ಲಿ ಗಟ್ಟಿಮೇಳ ಶುರುವಾದರೆ ಕಿವಿ ಮುಚ್ಚಿಕೊಂಡು ರಸ್ತೆಗೆ ಓಡುತ್ತಿದ್ದ. ಅದೇ ಹುಡುಗ ಅಕ್ಕಿ ಡಬ್ಬದಲ್ಲಿ ಮೊಣಕೈವರೆಗೆ ಕೈ ಹೂತು ಗಂಟೆಗಟ್ಟಲೆ ಕೂರುತ್ತಿದ್ದ, ಬೇಸಿಗೆಯಲ್ಲೂ ಅಜ್ಜಿಯ ಭಾರದ ಕೌದಿ ಹೊದ್ದೇ ಮಲಗುತ್ತಿದ್ದ. ಮುಟ್ಟುವುದು, ಕೇಳುವುದು, ನೋಡುವುದು, ಮೈಯ ಭಾರ, ಸಮತೋಲ ಇವೆಲ್ಲ ಮೆದುಳಿಗೆ ಎಷ್ಟು ಜೋರಾಗಿ ತಲುಪುತ್ತವೆ ಎಂಬುದು ಎಲ್ಲ ಮಕ್ಕಳಲ್ಲೂ ಒಂದೇ ಸಮ ಇರುವುದಿಲ್ಲ. ಜೀನ್ ಏರ್ಸ್ ಎಂಬ ಅಮೆರಿಕದ ಆಕ್ಯುಪೇಷನಲ್ ಥೆರಪಿಸ್ಟ್ (ದಿನನಿತ್ಯದ ಕೆಲಸಗಳನ್ನು ಮಾಡಲು ನೆರವಾಗುವ ಚಿಕಿತ್ಸಕಿ) 1970ರ ದಶಕದಲ್ಲೇ ಇದರ ಬಗ್ಗೆ ಬರೆದಿದ್ದಾರೆ ಎಂದು ಮುಂದೆ ನಮ್ಮ ಥೆರಪಿಸ್ಟ್ ಹೇಳಿದರು. ಆಗ ನಮಗೆ ಇಷ್ಟೆಲ್ಲ ಗೊತ್ತಿರಲಿಲ್ಲ, ಆದರೂ ಅವನೊಂದಿಗೆ ಹೊಂದಿಕೊಂಡು ಹೋಗುತ್ತಿದ್ದೆವು. ಅವನ ಯೂನಿಫಾರ್ಮ್ ಅಂಗಿಗೆ ನಾನು ಓವರ್‌ಲಾಕ್ ಹಾಕುವುದಿಲ್ಲ. ಬಟ್ಟೆಯ ಅಂಚು ಎರಡು ಸಲ ಮಡಚಿ ಒಳಗೇ ಮುಚ್ಚಿಹೋಗುವ ಹಾಗೆ ಹೊಲಿಯುತ್ತೇನೆ, ಮೈಗೆ ಎಲ್ಲಿಯೂ ದಾರ ತಾಗುವುದಿಲ್ಲ. ಕಾಲರ್‌ಗೆ ಕ್ಯಾನ್ವಾಸ್ ಇಡುವುದಿಲ್ಲ. ಬಟ್ಟೆ ಕತ್ತರಿಸುವ ಮೊದಲೇ ಗಂಜಿ ಪೂರಾ ಬಿಡುವ ತನಕ ಒಗೆಯುತ್ತೇನೆ. ಅವನು ಓದುತ್ತಿದ್ದ, ಆಡುತ್ತಿದ್ದ, ಅಕ್ಕನ ಜೊತೆ ಜಗಳ ಆಡುತ್ತಿದ್ದ. ಅದು ಕಾಯಿಲೆ ಆಗಿರಲಿಲ್ಲ, ಅವನ ಗುಣವಾಗಿತ್ತು.

ಕಾಯಿಲೆ ಬಂದದ್ದು ಮೂರನೇ ತರಗತಿಯಲ್ಲಿ. ಸಂಕ್ರಾಂತಿ ಆಸುಪಾಸಿನಲ್ಲಿ ಅವನ ಶಾಲೆಯ ಎಷ್ಟೋ ಮಕ್ಕಳಿಗೆ ಜ್ವರ, ಗಂಟಲು ನೋವು ಇತ್ತು. ಇವನಿಗೂ ಬಂತು, ಹೋಯಿತು. ಆಮೇಲೆ ಒಂದು ಮಂಗಳವಾರ ಬೆಳಿಗ್ಗೆ ಎದ್ದವನು ಬೇರೆಯೇ ಹುಡುಗ. ಕಣ್ಣು ಅಗಲವಾಗಿ ಬಿಟ್ಟುಕೊಂಡು ನನ್ನ ಸೆರಗು ಹಿಡಿದು ಕೇಳಿದ: "ಅಮ್ಮಾ, ನಾನು ಗುಂಡುಸೂಜಿ ನುಂಗಿದೆನಾ?"

ಹೊಲಿಗೆಯವರ ಮನೆ, ಸೂಜಿ ಇರುತ್ತದೆ. ಇಲ್ಲ ಕಂದಾ ಎಂದೆ. ಮತ್ತೆ ಕೇಳಿದ. ಮತ್ತೆ ಇಲ್ಲ ಎಂದೆ. ಮಧ್ಯಾಹ್ನದ ಹೊತ್ತಿಗೆ ಅದೊಂದೇ ಮಾತು. ಊಟಕ್ಕೆ ಕೂತರೆ ತಟ್ಟೆಯನ್ನು ಕಿಟಕಿಯ ಹತ್ತಿರ ಒಯ್ದು ಒಂದೊಂದೇ ಅಗುಳನ್ನು ಬೆರಳಲ್ಲಿ ಒತ್ತಿ ನೋಡುತ್ತಿದ್ದ. ನೋಡಿ ಮುಗಿಯುವಷ್ಟರಲ್ಲಿ ಅನ್ನ ತಣ್ಣಗಾಗಿ ಅಂಟಿರುತ್ತಿತ್ತು, ಆಮೇಲೆ ಅದು ಬೇಡ. ಪ್ರಾಣದಷ್ಟು ಇಷ್ಟವಿದ್ದ ಮಂಡಕ್ಕಿಯನ್ನೂ ಮುಟ್ಟಲಿಲ್ಲ. ಕೊನೆಗೆ ಉಳಿದದ್ದು ಹಾಲು ಮತ್ತು ರಾಗಿ ಗಂಜಿ, ಅದನ್ನೂ ಅವನ ಕಣ್ಣೆದುರು ಬಿಳಿ ಬಟ್ಟೆಯಲ್ಲಿ ಸೋಸಬೇಕು. ಪಕ್ಕೆಲುಬು ಎಣಿಸುವಂತಾದ. ಕೈ ತೊಳೆದು ತೊಳೆದು ಗೆಣ್ಣುಗಳ ಚರ್ಮ ಬಿರಿದು ರಕ್ತ ಬರುತ್ತಿತ್ತು. ಕೂತಲ್ಲಿಂದ ಎದ್ದೆದ್ದು ಒಂದಕ್ಕೆ ಓಡುತ್ತಿದ್ದ, ಎಷ್ಟೋ ವರ್ಷದ ನಂತರ ಹಾಸಿಗೆ ಒದ್ದೆಯಾಗತೊಡಗಿತು. ನಾನು ಬಚ್ಚಲಿಗೆ ಹೋದರೂ ಬಾಗಿಲಿಗೆ ಒರಗಿ ಅಳುತ್ತಿದ್ದ. ಎರಡು ವರ್ಷದ ಮಗುವಿನ ಹಾಗೆ ತೊದಲುತ್ತಿದ್ದವನು ಇದ್ದಕ್ಕಿದ್ದಂತೆ ಸಿಟ್ಟಿಗೆದ್ದು ತಟ್ಟೆ ಎಸೆಯುತ್ತಿದ್ದ, ಎಸೆದವನೇ ಗಾಬರಿಯಿಂದ "ನಾನ್ಯಾಕೆ ಹಿಂಗೆ ಮಾಡ್ತೀನಮ್ಮಾ" ಎಂದು ಕೇಳುತ್ತಿದ್ದ. ಮೊದಲಿದ್ದ ಸೂಕ್ಷ್ಮತೆ ಹತ್ತು ಪಾಲಾಯಿತು. ಮಿಕ್ಸಿ ಇರಲಿ, ಒಲೆಯ ಮೇಲೆ ಸಾಸಿವೆ ಸಿಡಿಯುವ ಸದ್ದಿಗೂ ಕಿವಿ ಮುಚ್ಚುತ್ತಿದ್ದ. ನಾನೇ ಹೊಲಿದ ಮೆತ್ತನೆಯ ಅಂಗಿಯೂ ಮೈಮೇಲೆ ನಿಲ್ಲಲಿಲ್ಲ.

ಅವನ ಕಾಪಿ ಪುಸ್ತಕ ಇಂದಿಗೂ ನನ್ನ ಬೀರುವಿನಲ್ಲಿದೆ. ಜನವರಿ ಮೊದಲ ವಾರದ ಪುಟದಲ್ಲಿ ಅಕ್ಷರಗಳು ದುಂಡಗೆ ಗೆರೆ ಮೇಲೆ ಕೂತಿವೆ. ಫೆಬ್ರುವರಿಯ ಪುಟದಲ್ಲಿ 'ಕ' ಒಂದು ಗೆರೆಯಲ್ಲಿದ್ದರೆ ಅದರ ತಲೆಕಟ್ಟು ಮೇಲಿನ ಗೆರೆಯಲ್ಲಿದೆ. ನಡುನಡುವೆ ಪೆನ್ಸಿಲ್ ಒತ್ತಿ ಹಾಳೆ ತೂತಾಗಿದೆ. ಆ ಪುಟದ ಕೆಳಗೆ ಕೆಂಪು ಶಾಯಿಯಲ್ಲಿ 'ಅಜಾಗ್ರತೆ' ಎಂದು ಬರೆದಿದ್ದಾರೆ.

ಎಲ್ಲೆಲ್ಲಿ ಹೋದೆವು ಎಂದು ಪಟ್ಟಿ ಮಾಡುವುದಿಲ್ಲ. ಒಂದು ಕಡೆ ಹಠ ಎಂದರು, ಇನ್ನೊಂದು ಕಡೆ ಗಮನ ಸೆಳೆಯಲು ಮಾಡುತ್ತಾನೆ ಎಂದರು, ಮತ್ತೊಂದು ಕಡೆ ನಿದ್ದೆ ಬರುವ ಔಷಧ ಬರೆದರು. ಶಾಲೆಯವರು ಮನೆಯಲ್ಲಿ ಗಂಡ ಹೆಂಡತಿ ಜಗಳ ಇದೆಯಾ ಎಂದು ಅವನೆದುರೇ ಕೇಳಿದರು. ಅತ್ತೆ ದೃಷ್ಟಿ ತೆಗೆದರು, ಹರಕೆ ಹೊತ್ತರು. ಅದಕ್ಕೆ ನಾನು ಅವರನ್ನು ದೂರುವವಳಲ್ಲ, ರಾತ್ರಿಯಿಡೀ ಅವನ ಕಾಲು ಒತ್ತುತ್ತ ಎಚ್ಚರವಿದ್ದವರು ಅವರೇ. ನನಗೆ ನೋವಾದದ್ದು ಓದಿದವರು, ಬಿಳಿ ಕೋಟು ತೊಟ್ಟವರು, ಮಗುವಿನ ಬಾಯಿ ತೆರೆಸಿ ನೋಡದೆ ತಾಯಿಯ ಮುಖ ನೋಡಿ ತೀರ್ಪು ಕೊಟ್ಟದ್ದಕ್ಕೆ.

ಕೊನೆಗೆ, ಸರ್ಕಾರಿ ಸೇವೆಯಿಂದ ನಿವೃತ್ತರಾಗಿದ್ದ ಹಿರಿಯ ಮಕ್ಕಳ ವೈದ್ಯರೊಬ್ಬರ ಬಳಿ ಹೋದೆವು. ಅವರ ಮೊದಲ ಪ್ರಶ್ನೆಯೇ "ಯಾವತ್ತಿನಿಂದ?" ಎಂಬುದು. ಮಂಗಳವಾರದಿಂದ ಎಂದೆ. ಅವರು ಪೆನ್ನು ಕೆಳಗಿಟ್ಟು, "ಅದಕ್ಕಿಂತ ಮುಂಚೆ ಗಂಟಲು ನೋವು ಬಂದಿತ್ತಾ ತಾಯಿ?" ಎಂದರು. ಮಗನನ್ನು ನಿಲ್ಲಿಸಿ ಎರಡೂ ಕೈ ಮುಂದಕ್ಕೆ ಚಾಚಿಸಿ ಕಣ್ಣು ಮುಚ್ಚಲು ಹೇಳಿದರು. ಅವನ ಬೆರಳುಗಳು ತಮ್ಮಷ್ಟಕ್ಕೆ ಸಣ್ಣಗೆ ಮಿಡುಕುತ್ತಿದ್ದವು. ಇಷ್ಟು ದಿನ ಅದು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಆಮೇಲೆ ತಮ್ಮ ಎರಡು ಬೆರಳು ಅವನ ಮುಷ್ಟಿಗೆ ಕೊಟ್ಟು ಗಟ್ಟಿಯಾಗಿ ಹಿಡಿ ಎಂದರು. ಕೈಕಾಲು ತಾವಾಗಿ ಕುಣಿಯುವ ಕೊರಿಯಾ ಎಂಬ ಕಾಯಿಲೆಯ ಮಕ್ಕಳು ಹಿಡಿತವನ್ನು ಒಂದೇ ಸಮ ಉಳಿಸಿಕೊಳ್ಳಲಾರರು, ಬಿಗಿಯಾಗಿ ಸಡಿಲವಾಗಿ ಹಾಲು ಕರೆದ ಹಾಗಾಗುತ್ತದೆ, ವೈದ್ಯರು ಅದನ್ನು ಅದೇ ಹೆಸರಿನಿಂದ ಗುರುತಿಸುತ್ತಾರೆ ಎಂದು ಹೇಳಿದರು. ಇವನ ಹಿಡಿತ ಸಡಿಲವಾಗದೆ ನಿಂತಿತು. ಕಾಪಿ ಪುಸ್ತಕದ ಎರಡು ಪುಟಗಳನ್ನು ಪಕ್ಕಪಕ್ಕ ಇಟ್ಟು ಬಹಳ ಹೊತ್ತು ನೋಡಿದರು. ಗಂಟಲಿನ ಸ್ವಾಬ್, ರಕ್ತ, ಹೃದಯದ ಎಕೋ ಮಾಡಿಸಿ ಬೆಂಗಳೂರಿನ ಮಕ್ಕಳ ನರರೋಗ ತಜ್ಞರಿಗೆ ಪತ್ರ ಬರೆದುಕೊಟ್ಟರು. ಅಲ್ಲಿ ಎಂಆರ್‌ಐ, ಇಇಜಿ ಮಾಡಿ ಮೆದುಳಿನ ಉರಿಯೂತ, ಫಿಟ್ಸ್ ಮುಂತಾದವು ಇಲ್ಲವೆಂದು ಖಚಿತಪಡಿಸಿಕೊಂಡ ಮೇಲೆ 'ಪ್ಯಾಂಡಾಸ್' ಎಂಬ ಹೆಸರನ್ನು ಮೊದಲ ಬಾರಿ ಕೇಳಿದೆವು.

ನನಗೆ ಅರ್ಥವಾದಷ್ಟು ಹೇಳುತ್ತೇನೆ. ಮಕ್ಕಳ ಗಂಟಲಿಗೆ ಬರುವ ಸ್ಟ್ರೆಪ್ಟೊಕಾಕಸ್ ಎಂಬ ಬ್ಯಾಕ್ಟೀರಿಯಾವನ್ನು ಕೊಲ್ಲಲು ದೇಹ ಪ್ರತಿಕಾಯಗಳನ್ನು ತಯಾರಿಸುತ್ತದೆ. ಆ ಬ್ಯಾಕ್ಟೀರಿಯಾದ ಮೈಮೇಲಿನ ಕೆಲವು ಭಾಗಗಳು ನಮ್ಮದೇ ದೇಹದ ಕೆಲವು ಭಾಗಗಳಿಗೆ, ಒಂದೇ ಪ್ಯಾಟರ್ನ್ ಇಟ್ಟು ಕತ್ತರಿಸಿದ ತುಂಡುಗಳಂತೆ, ಹೋಲುತ್ತವೆ. ಪ್ರತಿಕಾಯಗಳು ತಪ್ಪು ಗುರುತು ಹಿಡಿದು ನಮ್ಮ ದೇಹದ ಮೇಲೇ ಬೀಳುತ್ತವೆ. ಕೀಲಿನ ಮೇಲೆ, ಹೃದಯದ ಕವಾಟದ ಮೇಲೆ ಬಿದ್ದರೆ ಅದು ರುಮ್ಯಾಟಿಕ್ ಜ್ವರ. ನಮ್ಮ ಕಡೆ ಇದು ಹೊಸದೇನಲ್ಲ, ಮೂರು ವಾರಕ್ಕೊಮ್ಮೆ ಪೆನ್ಸಿಲಿನ್ ಇಂಜೆಕ್ಷನ್ ಚುಚ್ಚಿಸಿಕೊಳ್ಳುವವರು ಎಷ್ಟೋ ಬೀದಿಗಳಲ್ಲಿ ಸಿಗುತ್ತಾರೆ. ಮೆದುಳಿನ ಆಳದಲ್ಲಿ ಚಲನೆ, ಅಭ್ಯಾಸ, ಭಾವನೆಗಳನ್ನು ಹದದಲ್ಲಿಡುವ ಭಾಗದ ಮೇಲೆ ಬಿದ್ದರೆ ಕೈಕಾಲು ತಾವಾಗಿ ಕುಣಿಯುವ ಕೊರಿಯಾ ಬರುತ್ತದೆ. ಥಾಮಸ್ ಸಿಡನ್‌ಹ್ಯಾಮ್ ಎಂಬ ಇಂಗ್ಲಿಷ್ ವೈದ್ಯ 1686ರಲ್ಲೇ ಅದನ್ನು ವಿವರಿಸಿದ್ದಾನೆ. ಅಮೆರಿಕದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆಯ ಡಾ. ಸೂಸನ್ ಸ್ವೀಡೊ ಮತ್ತು ಜೊತೆಗಾರರು 1998ರಲ್ಲಿ 50 ಮಕ್ಕಳ ವಿವರ ಪ್ರಕಟಿಸಿದರು. ಅವರಲ್ಲಿ ಕೈಕಾಲು ಕುಣಿಯುವುದಕ್ಕಿಂತ ಗೀಳು, ಭಯ, ಮುಖ ಕೈಗಳ ಸೆಳೆತ ಮುಂದಾಗಿದ್ದವು. ಅದಕ್ಕೆ ಪ್ಯಾಂಡಾಸ್ ಎಂಬ ಹೆಸರು ಬಂತು. ಬೇರೆ ಕಾರಣಗಳಿಂದಲೂ ಮಕ್ಕಳು ಹೀಗೆಯೇ ದಿಢೀರನೆ ಬದಲಾಗುವುದನ್ನು ಕಂಡು 2012ರಲ್ಲಿ 'ಪ್ಯಾನ್ಸ್' ಎಂಬ ಇನ್ನೂ ವಿಶಾಲ ಹೆಸರು ಕೊಟ್ಟರು. ದಿಢೀರನೆ ಬರುವ ಗೀಳು ಅಥವಾ ಊಟ ಬಿಡುವುದು ಇದರ ಮುಖ್ಯ ಗುರುತು. ಅದರ ಜೊತೆಗೆ ಆತಂಕ, ಸಿಟ್ಟು, ಚಿಕ್ಕ ಮಗುವಿನಂತಾಗುವುದು, ಓದು ಬರಹ ಕುಸಿಯುವುದು, ಸದ್ದು ಸ್ಪರ್ಶ ತಡೆಯಲಾಗದಿರುವುದು, ನಿದ್ದೆ ಕೆಡುವುದು, ಪದೇ ಪದೇ ಮೂತ್ರಕ್ಕೆ ಹೋಗುವುದು ಇವುಗಳಲ್ಲಿ ಕೆಲವು ಇರುತ್ತವೆ. ಎಲ್ಲ ವೈದ್ಯರೂ ಇದನ್ನು ಒಪ್ಪುವುದಿಲ್ಲ, ಇದು ಎಷ್ಟು ಸಾಮಾನ್ಯ, ಯಾವ ಚಿಕಿತ್ಸೆಗೆ ಎಷ್ಟು ಆಧಾರವಿದೆ ಎಂಬ ಬಗ್ಗೆ ಇಂದಿಗೂ ವಾದ ನಡೆದಿದೆ. ನಮ್ಮ ವೈದ್ಯರೇ ಇದನ್ನು ನಮ್ಮ ಮುಂದೆ ಬಿಚ್ಚಿ ಹೇಳಿದರು. ನನಗೆ ಆ ಪ್ರಾಮಾಣಿಕತೆ ಇಷ್ಟವಾಯಿತು.

ಇದನ್ನು ಓದಿ ಯಾರೂ ನೇರ ಲ್ಯಾಬಿಗೆ ಓಡಬಾರದು. ಎಎಸ್‌ಒ ಎಂಬ ರಕ್ತಪರೀಕ್ಷೆಯ ಅಂಕಿ ಹೆಚ್ಚಿದ್ದರೆ ಹಿಂದೆ ಎಂದೋ ಸ್ಟ್ರೆಪ್ ತಗಲಿತ್ತು ಎಂದಷ್ಟೇ ಅರ್ಥ. ಶಾಲೆಗೆ ಹೋಗುವ ಆರೋಗ್ಯವಂತ ಮಕ್ಕಳಲ್ಲೂ ಅದು ಹೆಚ್ಚಿರುತ್ತದೆ. ಈ ಕಾಯಿಲೆಯನ್ನು ಖಚಿತ ಮಾಡುವ ಒಂದೇ ಪರೀಕ್ಷೆ ಅಂತ ಇಲ್ಲ, ಮಗುವಿನ ಕಥೆಯನ್ನು ಪೂರ್ತಿ ಕೇಳಿ, ಬೇರೆ ಕಾಯಿಲೆಗಳನ್ನು ತಳ್ಳಿಹಾಕಿ ನಿರ್ಧರಿಸಬೇಕು. ಮೆಡಿಕಲ್ ಶಾಪಿನಲ್ಲಿ ಕೇಳಿ ಅರ್ಧ ಸ್ಟ್ರಿಪ್ ಆ್ಯಂಟಿಬಯೋಟಿಕ್ ತಂದು ನುಂಗಿಸುವುದಂತೂ ಖಂಡಿತ ಬೇಡ. ಹುಟ್ಟಿನಿಂದಲೇ ಸೂಕ್ಷ್ಮವಾಗಿರುವ ಮಕ್ಕಳಿಗೆ, ಆಟಿಸಂ ಇರುವ ಮಕ್ಕಳಿಗೆ ಎಲ್ಲ ಇದೇ ಕಾಯಿಲೆ ಎಂದೂ ನಾನು ಹೇಳುತ್ತಿಲ್ಲ. ನನ್ನ ಮಗನಲ್ಲಿ ಹುಟ್ಟಿನ ಸೂಕ್ಷ್ಮತೆ, ಈ ಕಾಯಿಲೆ ಎರಡೂ ಇತ್ತು. ಗುಣ ಯಾವುದು, ಕಾಯಿಲೆ ಯಾವುದು ಎಂದು ಬಿಡಿಸಿ ತೋರಿಸಿದ್ದು ಆ ದಿಢೀರ್ ಬದಲಾವಣೆ.

ಸ್ವಾಬ್‌ನಲ್ಲಿ ಸೋಂಕು ಇನ್ನೂ ಕಂಡಿದ್ದರಿಂದ ಪೂರಾ ಕೋರ್ಸ್ ಔಷಧ ಕೊಟ್ಟರು. ಔಷಧದಷ್ಟೇ ಮುಖ್ಯವಾದದ್ದು ಮನಶ್ಶಾಸ್ತ್ರಜ್ಞೆಯ ಕೆಲಸ. ಸೂಜಿಯ ಪ್ರಶ್ನೆಗೆ ಉತ್ತರ ಕೊಡುವುದನ್ನು ಮೆಲ್ಲಗೆ ನಿಲ್ಲಿಸಿ ಎಂದರು ಅವರು. 'ಇಲ್ಲ ಕಂದಾ' ಎಂದ ಪ್ರತಿ ಸಲವೂ ಗೀಳಿಗೆ ಊಟ ಸಿಕ್ಕ ಹಾಗೆ, ಒಂದು ಗಳಿಗೆ ಸಮಾಧಾನವಾಗಿ ಮತ್ತೆ ದೊಡ್ಡದಾಗಿ ಬರುತ್ತದೆ ಎಂದು ತಿಳಿಸಿದರು. "ಅದು ಭಯ ಕೇಳ್ತಿರೋ ಪ್ರಶ್ನೆ ಕಣೋ, ನೀನು ಕೇಳ್ತಿರೋದಲ್ಲ" ಎಂದಷ್ಟೇ ಹೇಳಿ ಪಕ್ಕದಲ್ಲಿ ಕೂರಬೇಕು. ಮಗು ನಡುಗುತ್ತ ಕೇಳುತ್ತಿರುವಾಗ ತಾಯಿಯಾದವಳು ಉತ್ತರ ನುಂಗಿ ಕೂರುವುದು ಎಂಥ ಕಷ್ಟ ಎಂಬುದು ಕೂತವರಿಗೇ ಗೊತ್ತು. ಆದರೆ ಫಲ ಕೊಟ್ಟಿತು. ಮೊದಲು ಗಂಜಿ ಸೋಸದೆ ಕುಡಿದ, ಆಮೇಲೆ ಮೊಸರನ್ನ, ಬೇಸಿಗೆ ರಜೆ ಮುಗಿಯುವ ಹೊತ್ತಿಗೆ ಅಕ್ಕನ ತಟ್ಟೆಯಿಂದ ಮಂಡಕ್ಕಿ ಕದ್ದು ತಿಂದ.

ಪೂರ್ತಿ ವಾಸಿಯಾಯಿತು ಎನ್ನಲಾರೆ. ಮತ್ತೆ ಗಂಟಲು ಕೆಟ್ಟರೆ, ಕೆಲವೊಮ್ಮೆ ಬರೀ ನೆಗಡಿಗೂ, ಆ ಪ್ರಶ್ನೆ ಹಿಂತಿರುಗುತ್ತದೆ. ಈಗ ಗುರುತು ಗೊತ್ತು: ಅಕ್ಷರ ಮೊದಲು ಕೆಡುತ್ತದೆ, ನಂತರ ಕಾಲುಚೀಲ ಒಲ್ಲೆ ಎನ್ನುತ್ತಾನೆ. ಅಂಥ ವಾರಗಳಲ್ಲಿ ನಾನು ಮಷೀನಿನ ಮೋಟಾರ್ ಬೆಲ್ಟ್ ಬಿಚ್ಚಿಟ್ಟು ಕಾಲಲ್ಲಿ ತುಳಿದು ಹೊಲಿಯುತ್ತೇನೆ. ಮೋಟಾರಿನ ಸದ್ದು ಅವನಿಗೆ ಆಗುವುದಿಲ್ಲ, ತುಳಿಯುವ ಟಕಟಕ ಆಗುತ್ತದೆ. ಓವರ್‌ಲಾಕ್ ಮಷೀನನ್ನು ಪಕ್ಕದ ಮನೆಯವರು ತಮ್ಮ ವರಾಂಡದಲ್ಲಿ ಇರಿಸಿಕೊಂಡಿದ್ದಾರೆ, ಬಾಡಿಗೆ ಕೇಳಿಲ್ಲ. ಕೆಲಸ ಅರ್ಧಕ್ಕೆ ಇಳಿಯುತ್ತದೆ, ಯೂನಿಫಾರ್ಮ್ ಸೀಸನ್ನಿನಲ್ಲಿ ಹಾಗಾದರೆ ಆ ವರ್ಷದ ಲೆಕ್ಕವೇ ತಪ್ಪುತ್ತದೆ. ಕಾಯಿಲೆ ಹೆಚ್ಚು ತೀವ್ರವಾದ ಮಕ್ಕಳಿಗೆ, ದಾನಿಗಳ ರಕ್ತದಿಂದ ತೆಗೆದ ಪ್ರತಿಕಾಯಗಳನ್ನು ರಕ್ತನಾಳಕ್ಕೆ ಹಾಕುವ ಐವಿಐಜಿ ಎಂಬ ಚಿಕಿತ್ಸೆ ಕೊಡುವುದುಂಟು, ಅದರ ಬೆಲೆ ಕೇಳಿದರೆ ನಮ್ಮಂಥವರು ಮಾತಾಡದೆ ಎದ್ದು ಬರಬೇಕು. ನಮ್ಮವನಿಗೆ ಅದು ಬೇಕಾಗಲಿಲ್ಲ. ಇದೆಲ್ಲದರ ನಡುವೆ ಮಗಳು ತನ್ನ ಓದಿಗೆ ಗೆಳತಿಯ ಮನೆಗೆ ಹೋಗುತ್ತಾಳೆ, ಏನೂ ಕೇಳುವುದಿಲ್ಲ. ಕೇಳದ ಮಕ್ಕಳ ಬಗ್ಗೆಯೂ ಯಾರಾದರೂ ಬರೆಯಬೇಕು.

ಈಗ ನನ್ನ ಕೋರಿಕೆಗಳು. ಶಾಲೆಗಳಿಗೆ ಮೊದಲು ಹೇಳುತ್ತೇನೆ. ನಲವತ್ತು ಡಿಗ್ರಿ ಬಿಸಿಲಿನ ನಮ್ಮ ಊರಿನಲ್ಲಿ ಪಾಲಿಯೆಸ್ಟರ್ ಅಂಗಿ, ಕ್ಯಾನ್ವಾಸ್ ಕಾಲರ್, ಟೈ, ಬೂಟು, ಮೊಣಕಾಲಿನವರೆಗೆ ಕಾಲುಚೀಲ ಯಾರ ಶಿಸ್ತಿಗೆ ಬೇಕು? ಹೊಲಿಯುವವಳಾಗಿ ಹೇಳುತ್ತೇನೆ, ಅದೇ ಬಣ್ಣದಲ್ಲಿ ಹತ್ತಿ ಬಟ್ಟೆ ಸಿಗುತ್ತದೆ. ಮೈ ಒಲ್ಲದ ಮಗುವಿಗೆ ಟೈ ಬಿಟ್ಟುಕೊಡಿ, ಚಪ್ಪಲಿಗೆ ಅವಕಾಶ ಕೊಡಿ. ಮೂತ್ರಕ್ಕೆ ಎದ್ದ ಮಗುವನ್ನು ಕೂರಿಸಬೇಡಿ. ಮಕ್ಕಳಿಗೆ ದೈಹಿಕ ಶಿಕ್ಷೆ, ಮಾನಸಿಕ ಹಿಂಸೆ ಕೊಡುವಂತಿಲ್ಲ ಎಂದು 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ಹೇಳುತ್ತದೆ. ಇಡೀ ತರಗತಿ ಎದುರು ಮಗುವಿನ ಬಿರಿದ ಕೈ ಎತ್ತಿ ತೋರಿಸಿ ನಗಿಸುವುದೂ ಅದರಲ್ಲಿ ಬರುತ್ತದೆ. ನನ್ನ ಮಗನ ಈಗಿನ ತರಗತಿಯ ಮಿಸ್ ಬಾಗಿಲ ಪಕ್ಕದ ಬೆಂಚು ಕೊಟ್ಟಿದ್ದಾರೆ, ಗಂಟೆ ಹೊಡೆಯುವ ಮೊದಲು ಕಣ್ಸನ್ನೆ ಮಾಡುತ್ತಾರೆ. ಇದಕ್ಕೆ ಒಂದು ರೂಪಾಯಿ ಖರ್ಚಾಗಿಲ್ಲ.

ಸರ್ಕಾರಕ್ಕೆ ಹೇಳುವುದಿಷ್ಟು. 2013ರಿಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಅಂಗನವಾಡಿ, ಸರ್ಕಾರಿ ಶಾಲೆಗಳಿಗೆ ಹೋಗಿ ಮಕ್ಕಳನ್ನು ತಪಾಸಣೆ ಮಾಡುತ್ತಿವೆ. ಅವರ ಪಟ್ಟಿಯಲ್ಲಿ ರುಮ್ಯಾಟಿಕ್ ಹೃದ್ರೋಗ ಆಗಲೇ ಇದೆ. ಅದೇ ಗಂಟಲಿನಿಂದ ಬರುವ ಇದಕ್ಕಾಗಿ ಒಂದೇ ಪ್ರಶ್ನೆ ಸೇರಿಸಲಿ: 'ಈ ಮಗು ಇತ್ತೀಚೆಗೆ ದಿಢೀರನೆ ಬದಲಾಗಿದೆಯೇ?' ನಮ್ಮಂಥವರ ಮಕ್ಕಳು ಓದುವ ಸಣ್ಣ ಖಾಸಗಿ ಶಾಲೆಗಳಿಗೂ ತಂಡಗಳು ಬರಲಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಯ ವೈಕಲ್ಯಗಳಿವೆ, ಬಹುತೇಕ ಸವಲತ್ತಿಗೆ ಶೇ 40ರಷ್ಟು ವೈಕಲ್ಯ ಇದೆ ಎಂಬ ಸರ್ಟಿಫಿಕೇಟ್ ಬೇಕು. ಮೂರು ತಿಂಗಳು ಹಾಸಿಗೆ ಹಿಡಿದು ಆರು ತಿಂಗಳು ಓಡಾಡುವ ಮಗುವನ್ನು ಯಾವ ದಿನ ಅಳೆಯುತ್ತಾರೆ? ಪರೀಕ್ಷೆಯ ವಾರ ಕಾಯಿಲೆ ಮರುಕಳಿಸಿದರೆ ಹೆಚ್ಚಿನ ಸಮಯ ಕೊಡುವ ಅಧಿಕಾರ ವೈದ್ಯರ ಚೀಟಿ ನೋಡಿ ಮುಖ್ಯಶಿಕ್ಷಕರಿಗೇ ಸಿಗಲಿ. ಇನ್ನು ಧ್ವನಿವರ್ಧಕದ ಮಾತು. 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ ಇದೆ. ಹಬ್ಬ ಬೇಡ ಎನ್ನುವವಳಲ್ಲ ನಾನು, ಗಣಪತಿ ನಮಗೂ ದೇವರು. ಕಿಟಕಿ ಗಾಜು ಅದುರಿಸುವ ಡಿಜೆ ದೇವರಿಗೆ ಬೇಕಿಲ್ಲ.

ಇದೇ ರೀತಿ ಕಂಗೆಟ್ಟ ತಾಯಂದಿರು ಯಾರಾದರೂ ಇದನ್ನು ಓದುತ್ತಿದ್ದರೆ: ಬದಲಾವಣೆ ಶುರುವಾದ ದಿನ ಬರೆದಿಡಿ. ಅದಕ್ಕೆ ಮುಂಚಿನ ಜ್ವರ, ಗಂಟಲು ನೋವು, ಮನೆಯಲ್ಲಿ ಬೇರೆ ಯಾರಿಗೆ ಬಂದಿತ್ತು ಎಂಬುದನ್ನೂ ಬರೆಯಿರಿ. ಮಗು ಶಾಂತವಾಗಿದ್ದಾಗಿನ ಮತ್ತು ಈಗಿನ ಮೊಬೈಲ್ ವಿಡಿಯೊ, ಹಿಂದಿನ ಮತ್ತು ಈಗಿನ ನೋಟ್‌ಬುಕ್ ಒಯ್ದು ವೈದ್ಯರ ಮೇಜಿನ ಮೇಲಿಡಿ. ಆಸ್ಪತ್ರೆಯ ಕೋಣೆಯಲ್ಲಿ ಹತ್ತು ನಿಮಿಷ ಸುಮ್ಮನೆ ಕೂರುವ ಮಗುವನ್ನು ನೋಡಿ ಯಾರೂ ನಂಬುವುದಿಲ್ಲ, ನೋಟ್‌ಬುಕ್ ನಂಬುತ್ತಾರೆ. ನೀರೂ ಬಿಟ್ಟಿದ್ದರೆ, ಫಿಟ್ಸ್ ಬಂದರೆ, ಮಂಕಾಗಿ ಗುರುತು ಹಿಡಿಯದಿದ್ದರೆ ಕಾಯದೆ ದೊಡ್ಡ ಆಸ್ಪತ್ರೆಗೆ ಹೋಗಿ. ರಾತ್ರಿ ಹೊತ್ತು ಮಾತಾಡಲು ಯಾರೂ ಇಲ್ಲದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಗೆ ಫೋನ್ ಮಾಡಿ, ದುಡ್ಡು ಬೀಳುವುದಿಲ್ಲ, ಕನ್ನಡದಲ್ಲಿ ಮಾತಾಡುತ್ತಾರೆ.

ಸಂಪಾದಕರೇ, ಮಕ್ಕಳ ನರರೋಗ ತಜ್ಞರು ಮತ್ತು ಮಕ್ಕಳ ಮನೋವೈದ್ಯರಿಬ್ಬರಿಂದಲೂ ಈ ವಿಷಯದ ಮೇಲೆ ಬರೆಸಿ ಪ್ರಕಟಿಸಿ. ಒಪ್ಪದವರ ಅಭಿಪ್ರಾಯವೂ ಅದರಲ್ಲಿ ಬರಲಿ. ಸಾಧ್ಯವಾದರೆ ಜೂನ್ ಒಳಗೆ ಹಾಕಿ, ಶಾಲೆ ಶುರುವಾಗುವ ಮುಂಚೆ ಅವನ ಹೊಸ ಮಿಸ್‌ಗೆ ಕತ್ತರಿಸಿ ಕೊಡುತ್ತೇನೆ.

ಒಬ್ಬ ತಾಯಿ, ದಾವಣಗೆರೆ
(ಮಗ ದೊಡ್ಡವನಾದ ಮೇಲೆ ಹೇಳಿಕೊಳ್ಳುವುದು ಬಿಡುವುದು ಅವನಿಗೆ ಸೇರಿದ್ದು. ದಯವಿಟ್ಟು ಹೆಸರು ಹಾಕಬೇಡಿ.)